ಕಾಗದದ ಗಣರಾಜ್ಯ ಕಟ್ಟಿದ ಕರ್ನಲ್

1983ರ ಫೆಬ್ರುವರಿ 13, ಭಾನುವಾರ. ಅಮೆರಿಕದ ಉತ್ತರ ಡಕೋಟಾ ರಾಜ್ಯದ ಮೆಡಿನಾ ಎಂಬ ಪುಟ್ಟ ಊರಿನ ಹೊರವಲಯ. ಸಭೆಯೊಂದನ್ನು ಮುಗಿಸಿಕೊಂಡು ಮರಳುತ್ತಿದ್ದ 63 ವರ್ಷದ ರೈತ ಗಾರ್ಡನ್ ಕಾಹ್ಲ್‌ನನ್ನು ಬಂಧಿಸಲು ಒಕ್ಕೂಟ ಸರ್ಕಾರದ ಮಾರ್ಷಲ್‌ಗಳು ರಸ್ತೆಯಲ್ಲಿ ಅಡ್ಡಗಟ್ಟಿದರು. ಗುಂಡಿನ ಕಾಳಗ ನಡೆಯಿತು. ಕೆನೆತ್ ಮ್ಯೂರ್ ಮತ್ತು ರಾಬರ್ಟ್ ಚೆಷೈರ್ ಎಂಬ ಇಬ್ಬರು ಮಾರ್ಷಲ್‌ಗಳು ಅಲ್ಲಿಯೇ ಪ್ರಾಣ ಬಿಟ್ಟರು. ಕಾಹ್ಲ್ ಪರಾರಿಯಾದ.

ಕಾಹ್ಲ್ ದರೋಡೆಕೋರನಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಂದೂಕುಗಾರನಾಗಿ ದೇಶಕ್ಕಾಗಿ ಹೋರಾಡಿ ಪದಕ ಪಡೆದವನು. ತೆರಿಗೆ ವಿವರ ಸಲ್ಲಿಸದ ಅಪರಾಧಕ್ಕಾಗಿ ಸ್ವಲ್ಪ ಕಾಲ ಜೈಲಿನಲ್ಲಿದ್ದು, ಬಿಡುಗಡೆಯ ಷರತ್ತನ್ನು ಉಲ್ಲಂಘಿಸಿದ್ದ. ಆದರೆ ತನ್ನನ್ನು ಬಂಧಿಸುವ ಅಧಿಕಾರವೇ ಆ ಸರ್ಕಾರಕ್ಕಿಲ್ಲ ಎಂದು ಆತ ಮನಸಾರೆ ನಂಬಿದ್ದ. ಆ ನಂಬಿಕೆಯೇ ಇಬ್ಬರು ಅಧಿಕಾರಿಗಳ ಜೀವ ತೆಗೆಯಿತು, ಮುಂದೆ ಆತನ ಜೀವವನ್ನೂ ಬಲಿ ಪಡೆಯಿತು.

ಈ ನಂಬಿಕೆಗೆ ಒಬ್ಬ ಮೂಲಪುರುಷನಿದ್ದಾನೆ. ಆತ ಆ ಸಂಜೆ ಮೆಡಿನಾದಲ್ಲಿ ಇರಲಿಲ್ಲ. ನೂರಾರು ಮೈಲಿ ದೂರದ ಕ್ಯಾಲಿಫೋರ್ನಿಯಾದ ಬೆಟ್ಟಗಳ ನಡುವೆ, ಮಾರಿಪೋಸಾ ಎಂಬಲ್ಲಿ ತನ್ನದೇ ಚರ್ಚು ನಡೆಸಿಕೊಂಡು, ಪತ್ರಿಕೆ ಬರೆದುಕೊಂಡು, ಪ್ರವಚನದ ಕ್ಯಾಸೆಟ್‌ಗಳನ್ನು ಊರೂರಿಗೆ ಕಳುಹಿಸಿಕೊಂಡು ಇದ್ದ. ಹೆಸರು ವಿಲಿಯಂ ಪಾಟರ್ ಗೇಲ್. ಅನುಯಾಯಿಗಳ ಪಾಲಿಗೆ ಕರ್ನಲ್ ಗೇಲ್.

ಸರ್ಕಾರ ನಕಲಿ, ನ್ಯಾಯಾಲಯ ನಕಲಿ, ಪೌರತ್ವವೇ ಒಂದು ಮೋಸದ ಕರಾರು ಎಂದು ವಾದಿಸುವ ಮಂದಿ ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ನ್ಯಾಯಾಲಯಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುತ್ತಾರೆ. ಸಾರ್ವಭೌಮ ಪ್ರಜೆಗಳು ಎಂದು ತಮ್ಮನ್ನು ತಾವು ಕರೆದುಕೊಳ್ಳುವ ಇವರ ಪೈಕಿ ಬಹುತೇಕರಿಗೆ ಗೇಲ್‌ನ ಹೆಸರೂ ಗೊತ್ತಿರಲಾರದು. ಆದರೆ ಅವರು ಒಪ್ಪಿಸುವ ಪಾಠದ ಮೊದಲ ಅಧ್ಯಾಯ ಬರೆದವನು ಆತನೇ.

ಮುಚ್ಚಿಟ್ಟ ಮನೆತನ

ಗೇಲ್ ಹುಟ್ಟಿದ್ದು 1916ರ ನವೆಂಬರ್‌ನಲ್ಲಿ, ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ. ಕುಟುಂಬ ಬಳಿಕ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಯಿತು. ತಾಯಿಯ ತವರುಮನೆಯ ಹೆಸರಾದ ಪಾಟರ್ ಮಗನ ಹೆಸರಿನ ನಡುವೆ ಉಳಿಯಿತು. ತಂದೆ ಚಾರ್ಲ್ಸ್ ಗೇಲ್ ಮಾತ್ರ ಹುಟ್ಟಿನಿಂದ ಗೇಲ್ ಆಗಿರಲಿಲ್ಲ.

ಆ ತಂದೆ ರಷ್ಯಾ ಸಾಮ್ರಾಜ್ಯದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಕುಟುಂಬದವನು. ಹೊಸ ನೆಲದಲ್ಲಿ ಹೆಸರು ಬದಲಿಸಿಕೊಂಡ. ಹಳೆಯ ಧರ್ಮವನ್ನು ತೊರೆದ, ಕ್ರೈಸ್ತ ಹೆಣ್ಣನ್ನು ಮದುವೆಯಾದ, ಸೈನ್ಯದಲ್ಲಿ ದುಡಿದ. ವಲಸಿಗರ ದೇಶವಾದ ಅಮೆರಿಕದಲ್ಲಿ ಇದೇನೂ ಅಪರೂಪದ ಕಥೆಯಲ್ಲ. ಆದರೆ ಮಗ ಮುಂದೆ ಹಿಡಿದ ದಾರಿಯನ್ನು ನೋಡಿದಾಗ ಈ ಸಾಮಾನ್ಯ ಕಥೆಗೆ ಬೇರೆಯೇ ಬಣ್ಣ ಬರುತ್ತದೆ. ಬದುಕಿನುದ್ದಕ್ಕೂ ಗೇಲ್ ಈ ಸಂಗತಿಯನ್ನು ತನ್ನ ಅನುಯಾಯಿಗಳಿಂದ ಮುಚ್ಚಿಟ್ಟ. ಸಂಶೋಧಕ ಡೇನಿಯಲ್ ಲೆವಿಟಾಸ್ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಂಶವೃಕ್ಷ ವಿವರವಾಗಿ ಬೆಳಕಿಗೆ ಬಂತು. ಅಷ್ಟರಲ್ಲಿ ಗೇಲ್ ಸತ್ತು 14 ವರ್ಷಗಳಾಗಿದ್ದವು.

ಯೌವನದಲ್ಲೇ ಸೈನ್ಯ ಸೇರಿದ ಗೇಲ್ ಬೇಗ ಮೇಲೇರಿದ. ಎರಡನೇ ಮಹಾಯುದ್ಧದ ಪೆಸಿಫಿಕ್ ರಂಗದಲ್ಲಿ ಜನರಲ್ ಡಗ್ಲಾಸ್ ಮೆಕ್‌ಆರ್ಥರ್‌ನ ಪಡೆಯಲ್ಲಿ ಸೇವೆ ಸಲ್ಲಿಸಿದ. ಫಿಲಿಪ್ಪೀನ್ಸ್‌ನಲ್ಲಿ ಗೆರಿಲ್ಲಾ ಕಾರ್ಯಾಚರಣೆಗಳಿಗೆ ತಾನೇ ಸೂತ್ರಧಾರನಾಗಿದ್ದೆನೆಂದು ಮುಂದೆ ಭಾಷಣಗಳಲ್ಲಿ ಹೇಳಿಕೊಳ್ಳುತ್ತಿದ್ದ. 1950ರಲ್ಲಿ ಅನಾರೋಗ್ಯದ ಕಾರಣ ಲೆಫ್ಟಿನೆಂಟ್ ಕರ್ನಲ್ ಹುದ್ದೆಯಿಂದ ನಿವೃತ್ತನಾದ. ಆಗ ವಯಸ್ಸು ಇನ್ನೂ 33. ಒಕ್ಕೂಟ ಸರ್ಕಾರವನ್ನು ಕೊನೆಯುಸಿರಿನವರೆಗೂ ದ್ವೇಷಿಸಿದ ಈ ಮನುಷ್ಯನಿಗೆ ಸಾಮಾಜಿಕ ಗೌರವ ತಂದುಕೊಟ್ಟದ್ದು ಅದೇ ಸರ್ಕಾರ ನೀಡಿದ ಕರ್ನಲ್ ಪದವಿ!

ದ್ವೇಷಕ್ಕೊಂದು ಧರ್ಮ

ನಿವೃತ್ತಿಯ ನಂತರ ಗೇಲ್ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ. ಅದು ಶೀತಲ ಸಮರದ ಉಚ್ಛ್ರಾಯ ಕಾಲ. ಎಲ್ಲೆಲ್ಲೂ ಕಮ್ಯುನಿಸ್ಟರ ಭೂತ ಕಾಣುತ್ತಿದ್ದ ಬಲಪಂಥೀಯ ಗುಂಪುಗಳು ಅಲ್ಲಿ ಹುಲುಸಾಗಿ ಬೆಳೆದಿದ್ದವು. 1950ರ ದಶಕದ ನಡುವಿನಲ್ಲಿ ಗೇಲ್‌ಗೆ ವೆಸ್ಲಿ ಸ್ವಿಫ್ಟ್ ಎಂಬ ಪಾದ್ರಿಯ ಪರಿಚಯವಾಯಿತು. ಈ ಭೇಟಿ ಆತನ ಬದುಕಿನ ದಿಕ್ಕನ್ನೇ ಬದಲಿಸಿತು.

ಸ್ವಿಫ್ಟ್ ಬೋಧಿಸುತ್ತಿದ್ದುದು ಕ್ರಿಶ್ಚಿಯನ್ ಐಡೆಂಟಿಟಿ ಎಂಬ ಪಂಥವನ್ನು. ಬೈಬಲ್‌ನಲ್ಲಿ ಬರುವ ಇಸ್ರೇಲ್‌ನ ನಿಜವಾದ ಸಂತಾನ ಉತ್ತರ ಯುರೋಪಿನ ಬಿಳಿಯರು, ಯಹೂದಿಗಳು ಸೈತಾನನ ಕುಲದವರು, ಕರಿಯರು ಪೂರ್ಣ ಮನುಷ್ಯರೇ ಅಲ್ಲ ಎಂಬುದು ಈ ಪಂಥದ ತಿರುಳು. ಮುಖ್ಯವಾಹಿನಿಯ ಯಾವ ಚರ್ಚೂ ಇದನ್ನು ಕ್ರೈಸ್ತ ಧರ್ಮವೆಂದು ಒಪ್ಪಿದ್ದಿಲ್ಲ. ಯಹೂದಿ ತಂದೆಯ ಮಗ ಗೇಲ್ ಇದನ್ನು ಅಪ್ಪಿಕೊಂಡಿದ್ದಷ್ಟೇ ಅಲ್ಲ, ದೀಕ್ಷೆ ಪಡೆದು ತಾನೂ ಬೋಧಕನಾದ.

ಇದೇ ಕಾಲದಲ್ಲಿ ಅಮೆರಿಕದ ಕರಿಯರ ಹಕ್ಕುಗಳ ಹೋರಾಟ ಹೊಸ ಘಟ್ಟ ತಲುಪಿತ್ತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 1957ರಲ್ಲಿ ಅರ್ಕಾನ್ಸಾಸ್‌ನ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳುಹಿಸಬೇಕಾಯಿತು. ಒಂಬತ್ತು ಮಕ್ಕಳ ಬೆನ್ನಿಗೆ ಒಂದು ದೇಶದ ಸೈನ್ಯ ನಿಂತ ಆ ದೃಶ್ಯ ಜಗತ್ತಿನ ಕಣ್ಣಿಗೆ ನ್ಯಾಯದ ಗೆಲುವಾಗಿ ಕಂಡಿತು. ಗೇಲ್‌ನ ಕಣ್ಣಿಗೆ ಅದು ಸಂವಿಧಾನದ ಕೊಲೆಯಾಗಿ ಕಂಡಿತು. ಸೈನ್ಯವನ್ನು ಆಂತರಿಕ ಕಾನೂನು ಪಾಲನೆಗೆ ಬಳಸುವುದನ್ನು ನಿರ್ಬಂಧಿಸುವ ಹಳೆಯ ಕಾಯ್ದೆಯೊಂದಿತ್ತು. 1878ರ ಆ ಕಾಯ್ದೆಯ ಹೆಸರು ಪಾಸ್ಸಿ ಕೊಮಿಟಾಟಸ್. ಈ ಲ್ಯಾಟಿನ್ ಹೆಸರು ಗೇಲ್‌ನ ತಲೆಯಲ್ಲಿ ಬೇರೂರಿತು.

1958ರಲ್ಲಿ ಕಾನ್‌ಸ್ಟಿಟ್ಯೂಷನ್ ಪಾರ್ಟಿಯ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಹುದ್ದೆಗೆ ಪ್ರಯತ್ನಿಸಿ ಸೋತ. ಬಳಿಕ ಕ್ಯಾಲಿಫೋರ್ನಿಯಾ ರೇಂಜರ್ಸ್ ಎಂಬ ಅರೆಸೈನಿಕ ಮಾದರಿಯ ಗುಂಪು ಕಟ್ಟಿದ. 1965ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇಂಥ ಸಶಸ್ತ್ರ ಗುಂಪುಗಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಇದೂ ಸೇರಿತ್ತು. ಗುರು ಸ್ವಿಫ್ಟ್ ಜತೆ ಜಗಳವಾಡಿ ಬೇರೆಯಾದ ಗೇಲ್ ತನ್ನದೇ ಚರ್ಚು ಸ್ಥಾಪಿಸಿ, ಕಡೆಗೆ ಯೋಸೆಮಿಟಿ ಕಣಿವೆಗೆ ಸಮೀಪದ ಮಾರಿಪೋಸಾದಲ್ಲಿ ನೆಲೆಯೂರಿದ. ಮತಪೆಟ್ಟಿಗೆ ಕೈಕೊಟ್ಟಿತ್ತು, ಕೋವಿಯ ಗುಂಪು ಸರ್ಕಾರದ ಕಣ್ಣಿಗೆ ಬಿದ್ದಿತ್ತು. ಉಳಿದದ್ದು ಒಂದೇ ಅಸ್ತ್ರ, ಕಾನೂನಿನ ಭಾಷೆ.

ಷರೀಫನೇ ಸರ್ವಾಧಿಕಾರಿ

ಪಾಸ್ಸಿ ಕೊಮಿಟಾಟಸ್ ಎಂದರೆ ಕೌಂಟಿಯ ಬಲ ಎಂದರ್ಥ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಳ್ಳಕಾಕರ ಬೆನ್ನಟ್ಟಲು ಷರೀಫನು ಊರಿನ ಸಶಕ್ತ ಗಂಡಸರನ್ನು ಕರೆಯುವ ಪದ್ಧತಿಯಿತ್ತು. ಅಮೆರಿಕದ ಪಶ್ಚಿಮ ಪ್ರಾಂತ್ಯಗಳಲ್ಲೂ ಇದು ನಡೆದುಬಂದಿತ್ತು. ಗೇಲ್ ಈ ಸರಳ ಪದ್ಧತಿಯನ್ನು ತಲೆಕೆಳಗು ಮಾಡಿದ.

1971ರಲ್ಲಿ ತನ್ನ ಐಡೆಂಟಿಟಿ ಎಂಬ ಪತ್ರಿಕೆಯಲ್ಲಿ ಆತ ಹೊಸ ಸಿದ್ಧಾಂತವನ್ನು ಮುಂದಿಟ್ಟ. ಕೌಂಟಿಯೇ ದೇಶದ ಪರಮೋಚ್ಚ ಸರ್ಕಾರ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆಗಿಂತ ಮೇಲೆ ಸರ್ಕಾರವೇ ಇಲ್ಲ. ಅಲ್ಲಿ ಚುನಾಯಿತನಾದ ಷರೀಫನಿಗಿಂತ ದೊಡ್ಡ ಕಾನೂನಿನ ಅಧಿಕಾರಿ ಬೇರೊಬ್ಬನಿಲ್ಲ. ಅಧ್ಯಕ್ಷನಾಗಲಿ, ಕಾಂಗ್ರೆಸ್ ಆಗಲಿ, ಸುಪ್ರೀಂ ಕೋರ್ಟ್ ಆಗಲಿ ಸಂವಿಧಾನ ಮೀರಿದರೆ ತಡೆಯಬೇಕಾದವನು ಷರೀಫ. ಆತನೂ ತಪ್ಪಿದರೆ? ಜನರೇ ಆತನನ್ನು ಹಿಡಿದು ಊರಿನ ಜನನಿಬಿಡ ವೃತ್ತದಲ್ಲಿ ನಡುಮಧ್ಯಾಹ್ನ ನೇಣಿಗೇರಿಸಿ, ಸೂರ್ಯಾಸ್ತದವರೆಗೆ ಶವವನ್ನು ತೂಗುಬಿಡಬೇಕು! ಇದು ಗೇಲ್ ಸೂಚಿಸಿದ ಶಿಕ್ಷೆ. ಸಂವಿಧಾನವನ್ನು ಮೀರಿದ್ದಾರೆಯೇ ಎಂದು ನಿರ್ಧರಿಸುವವರು ಮಾತ್ರ ನ್ಯಾಯಾಧೀಶರಲ್ಲ, ಗೇಲ್ ಮತ್ತು ಆತನ ಬಳಗ.

ಈ ಬರಹಗಳಿಗೆ ಗೇಲ್ ಬಳಸುತ್ತಿದ್ದ ಒಂದು ಗುಪ್ತನಾಮ ಕರ್ನಲ್ ಬೆನ್ ಕ್ಯಾಮರಾನ್. 1915ರ ಬರ್ತ್ ಆಫ್ ಎ ನೇಷನ್ ಮೂಕಿ ಚಿತ್ರವನ್ನು ಬಲ್ಲವರಿಗೆ ಈ ಹೆಸರಿನ ಒಳಗುಟ್ಟು ತಿಳಿಯುತ್ತದೆ. ಅದು ಕರಿಯರನ್ನು ಅಡಗಿಸಲು ಕ್ಲೂ ಕ್ಲಕ್ಸ್ ಕ್ಲಾನ್ ಕಟ್ಟುವ ನಾಯಕಪಾತ್ರದ ಹೆಸರು.

ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಹೆನ್ರಿ ಲಾಮಾಂಟ್ ಬೀಚ್ ಎಂಬ ಇಳಿವಯಸ್ಸಿನ ಮನುಷ್ಯನಿದ್ದ. 1930ರ ದಶಕದಲ್ಲಿ ಹಿಟ್ಲರ್‌ನನ್ನು ಮೆಚ್ಚುತ್ತಿದ್ದ ಸಿಲ್ವರ್ ಶರ್ಟ್ಸ್ ಸಂಘಟನೆಯಲ್ಲಿದ್ದವನು. ಗೇಲ್‌ನ ಬರಹಗಳನ್ನೇ ಬಹುಪಾಲು ಎತ್ತಿಕೊಂಡು ನೀಲಿ ಹೊದಿಕೆಯ ಕೈಪಿಡಿ ಅಚ್ಚುಹಾಕಿಸಿ, ಶುಲ್ಕ ಪಡೆದು ಊರೂರಿಗೆ ಶಾಖಾ ಪರವಾನಗಿ ಹಂಚತೊಡಗಿದ. ಹೀಗಾಗಿ ಪತ್ರಿಕೆಗಳು ಬಹುಕಾಲ ಬೀಚ್‌ನನ್ನೇ ಸಂಸ್ಥಾಪಕನೆಂದು ತಿಳಿದವು. 1976ರ ಹೊತ್ತಿಗೆ 23 ರಾಜ್ಯಗಳಲ್ಲಿ 78 ಶಾಖೆಗಳಿರುವುದನ್ನು ಎಫ್‌ಬಿಐ ಗುರುತಿಸಿತ್ತು.

ಎರಡು ಬಗೆಯ ಪ್ರಜೆಗಳು

ಷರೀಫನ ಕಥೆ ಹೊರಗಿನ ತೊಗಟೆ. ಒಳಗಿನ ತಿರುಳು ಪೌರತ್ವದ ಪ್ರಶ್ನೆ.

ಕರಿಯರು ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ, 1868ರಲ್ಲಿ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಅಮೆರಿಕದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರು ಹಾಗೂ ಕ್ರಮಬದ್ಧವಾಗಿ ಪೌರತ್ವ ಪಡೆದವರೆಲ್ಲ ದೇಶದ ಪ್ರಜೆಗಳು, ಕಾನೂನಿನ ಸಮಾನ ರಕ್ಷಣೆ ಎಲ್ಲರಿಗೂ ಸಲ್ಲುತ್ತದೆ ಎಂಬುದು ಅದರ ಸಾರ. ನಿನ್ನೆಯವರೆಗೆ ಸಂತೆಯ ಸರಕಾಗಿದ್ದ ಮನುಷ್ಯ ಕಾನೂನಿನ ಕಣ್ಣಿಗೆ ವ್ಯಕ್ತಿಯಾದದ್ದು ಹೀಗೆ.

ಗೇಲ್ ಬಿತ್ತಿದ ಚಳವಳಿ ಈ ತಿದ್ದುಪಡಿಯನ್ನೇ ಬಲೆಯೆಂದು ಬಣ್ಣಿಸಿತು. ಅವರ ಪ್ರಕಾರ ಅಮೆರಿಕದಲ್ಲಿ ಎರಡು ಬಗೆಯ ಪ್ರಜೆಗಳು. ಮೂಲ ಸಂವಿಧಾನದ ಬಿಳಿಯ ಪ್ರಜೆಗೆ ಹಕ್ಕುಗಳು ಬಂದದ್ದು ದೇವರಿಂದ. ಹಾಗಾಗಿ ಆತ ಸಾರ್ವಭೌಮ. 14ನೇ ತಿದ್ದುಪಡಿಯ ಪ್ರಜೆಗೆ ಹಕ್ಕು ಕೊಟ್ಟದ್ದು ಸರ್ಕಾರ. ಹಾಗಾಗಿ ಆತ ಸರ್ಕಾರದ ಆಳು, ತೆರಿಗೆ, ಪರವಾನಗಿಗಳೆಲ್ಲ ಆತನಿಗೆ ಮಾತ್ರ. ಬಿಳಿಯನೊಬ್ಬ ಸಾಮಾಜಿಕ ಭದ್ರತಾ ಸಂಖ್ಯೆ ಪಡೆದರೆ, ಚಾಲನಾ ಪರವಾನಗಿಗೆ ಸಹಿ ಹಾಕಿದರೆ, ತನಗೆ ಗೊತ್ತಿಲ್ಲದೆಯೇ ಕೆಳದರ್ಜೆಯ ಕರಾರಿಗೆ ಸಿಕ್ಕಿಬೀಳುತ್ತಾನೆ. ಆ ಕಾಗದಗಳನ್ನು ಹಿಂದಿರುಗಿಸಿ, ತಕ್ಕ ಘೋಷಣಾಪತ್ರ ಸಲ್ಲಿಸಿದರೆ ಮತ್ತೆ ಸ್ವತಂತ್ರ!

ಕೇಳಲು ಕಾನೂನಿನಂತೆಯೇ ಇದೆ. ತಿದ್ದುಪಡಿಯ ಸಂಖ್ಯೆಯಿದೆ, ಲ್ಯಾಟಿನ್ ಪದಗಳಿವೆ, ಹಳೆಯ ತೀರ್ಪುಗಳ ಚೂರುಗಳಿವೆ. ಇಲ್ಲದಿರುವುದು ಕಾನೂನು ಮಾತ್ರ. ಅಮೆರಿಕದ ಯಾವ ನ್ಯಾಯಾಲಯವೂ ಈ ಎರಡು ದರ್ಜೆಯ ಪೌರತ್ವವನ್ನು ಒಪ್ಪಿಲ್ಲ. ಕಾನೂನು ಅನ್ವಯವಾಗಲು ವ್ಯಕ್ತಿಯ ವೈಯಕ್ತಿಕ ಒಪ್ಪಿಗೆಯ ಸಹಿ ಬೇಕಿಲ್ಲ. ಬೇಕಿದ್ದರೆ ಯಾವ ಕಳ್ಳನೂ ಸಹಿ ಹಾಕುತ್ತಿರಲಿಲ್ಲ.

ಸಾಲದ ಶೂಲಕ್ಕೆ ಸಿಕ್ಕವರು

ಈ ವಿಚಾರಗಳು ಒಂದಷ್ಟು ಜನಾಂಗದ್ವೇಷಿಗಳ ಮಾಸಿದ ಪತ್ರಿಕೆಗಳಲ್ಲೇ ಉಳಿದುಹೋಗಬಹುದಿತ್ತು. ಹಾಗಾಗದಂತೆ ಮಾಡಿದ್ದು ರೈತರ ಸಂಕಟ.

1970ರ ದಶಕದಲ್ಲಿ ಧಾನ್ಯಕ್ಕೆ ಒಳ್ಳೆಯ ಬೆಲೆಯಿತ್ತು. ಬದುವಿನಿಂದ ಬದುವಿಗೆ ಬಿತ್ತಿರೆಂದು ಸರ್ಕಾರವೇ ಹುರಿದುಂಬಿಸಿತ್ತು. ಅಮೆರಿಕದ ನಡುನಾಡಿನ ರೈತರು ಸಾಲ ಮಾಡಿ ಹೊಲ ಕೊಂಡರು, ಟ್ರ್ಯಾಕ್ಟರ್ ಕೊಂಡರು. ನಂತರ ಗಾಳಿ ತಿರುಗಿತು. ಹಣದುಬ್ಬರ ಇಳಿಸಲು ಕೇಂದ್ರ ಬ್ಯಾಂಕು ಬಡ್ಡಿಯನ್ನು ಏರಿಸಿತು. 1980ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳ ಮೂಲ ಬಡ್ಡಿದರ ಶೇ 21.5ಕ್ಕೆ ಮುಟ್ಟಿತು. ಅದೇ ವರ್ಷದ ಜನವರಿಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ರಫ್ತಿನ ಮೇಲೆ ನಿರ್ಬಂಧ ಬಿದ್ದಿತ್ತು. ಅಯೋವಾ ರಾಜ್ಯದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನಿನ ಬೆಲೆ 1986ರಲ್ಲಿ 787 ಡಾಲರ್‌ಗೆ ಕುಸಿಯಿತು. ಸಾಲ ಮಾತ್ರ ಹಾಗೆಯೇ ಇತ್ತು. ಮೂರು ತಲೆಮಾರು ಉತ್ತ ಹೊಲಗಳು ಹರಾಜಿಗೆ ಬಂದವು. ಮನೆಯಂಗಳದಲ್ಲಿ ನೇಗಿಲು, ನೊಗ, ಮಂಚಗಳನ್ನು ಪರರು ಕೂಗಿ ಕೊಳ್ಳುವುದನ್ನು ನೋಡುತ್ತ ನಿಂತ ರೈತರಲ್ಲಿ ಎಷ್ಟೋ ಮಂದಿ ಆತ್ಮಹತ್ಯೆಗೆ ಶರಣಾದರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಗೇಲ್‌ನ ಬಳಗ ಹುಲ್ಲುಕಡ್ಡಿಗಳ ಕಟ್ಟನ್ನೇ ಹೊತ್ತು ಬಂತು. ಬ್ಯಾಂಕು ಕೊಟ್ಟದ್ದು ಚಿನ್ನದ ಆಧಾರವಿಲ್ಲದ ಕಾಗದ, ಹಾಗಾಗಿ ಸಾಲವೇ ಅಸಿಂಧು ಎಂದರು. 19ನೇ ಶತಮಾನದಲ್ಲಿ ಸರ್ಕಾರ ಮೊದಲ ಒಕ್ಕಲಿಗೆ ನೀಡಿದ ಭೂಪತ್ರದ ನಕಲನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದರೆ ಅಡಮಾನ ಅಳಿಸಿಹೋಗುತ್ತದೆ ಎಂದರು. ಜಪ್ತಿಗೆ ಆದೇಶ ಕೊಟ್ಟ ನ್ಯಾಯಾಧೀಶನ ಸ್ವಂತ ಮನೆಯ ಮೇಲೆಯೇ ಲಕ್ಷಾಂತರ ಡಾಲರ್ ಋಣಭಾರ ದಾಖಲಿಸುವುದು ಹೇಗೆಂದು ಹೇಳಿಕೊಟ್ಟರು. ಇಂಥ ಅರ್ಜಿ ನಮೂನೆಗಳನ್ನು ಮಾರಿ ಹಣ ಮಾಡಿಕೊಂಡವರೂ ಇದ್ದರು.

ನ್ಯಾಯಾಲಯದಲ್ಲಿ ಇವು ಯಾವುವೂ ನಿಲ್ಲಲಿಲ್ಲ. ಭೂಪತ್ರದ ವಾದವನ್ನು ಒಕ್ಕೂಟ ಮೇಲ್ಮನವಿ ನ್ಯಾಯಾಲಯ 1985ರಲ್ಲೇ ನಿರಾಧಾರವೆಂದು ತಳ್ಳಿಹಾಕಿತು. ಸಾಲದ ಮರುಹೊಂದಾಣಿಕೆಗೆ, ದಿವಾಳಿ ಕಾನೂನಿನ ರಕ್ಷಣೆಗೆ ಮೊರೆ ಹೋಗಬಹುದಾಗಿದ್ದ ಅಮೂಲ್ಯ ಸಮಯವನ್ನು ರೈತರು ಈ ಕಾಗದಗಳಲ್ಲಿ ಕಳೆದರು. ಹೊಲದ ಜತೆಗೆ ನಮೂನೆಯ ದುಡ್ಡೂ ಹೋಯಿತು, ಕೆಲವರ ಮೇಲೆ ದಂಡವೂ ಬಿತ್ತು.

ಸಂಕಟದ ಹಿಂದೆ ಒಬ್ಬ ಶತ್ರುವನ್ನು ತೋರಿಸುವುದು ಗೇಲ್‌ನ ಕಸುಬು. ರೈತನ ಹೊಲ ಹೋಗುತ್ತಿರುವುದಕ್ಕೆ ಯಹೂದಿ ಬ್ಯಾಂಕರ್‌ಗಳೇ ಕಾರಣ ಎಂದು ಆತ ಸಾರಿದ. 1982ರಲ್ಲಿ ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿಯ ಬಾನುಲಿ ಕೇಂದ್ರವೊಂದು ಆತನ ಧ್ವನಿಮುದ್ರಿತ ಪ್ರವಚನಗಳನ್ನು ಬಿತ್ತರಿಸಿತು. ಯಹೂದಿಗಳ ಮೇಲೂ ಸರ್ಕಾರಿ ಅಧಿಕಾರಿಗಳ ಮೇಲೂ ಹಿಂಸೆಗೆ ಕರೆ ನೀಡುವ ಮಾತುಗಳು ಅವುಗಳಲ್ಲಿದ್ದವು. ಸ್ಥಳೀಯರು ದೂರು ನೀಡಿ, ವಿಷಯ ಒಕ್ಕೂಟದ ಸಂವಹನ ಆಯೋಗದವರೆಗೆ ಹೋಯಿತು. ಅದೇ ವರ್ಷ ಅದೇ ರಾಜ್ಯದ ವೆಸ್ಕನ್ ಎಂಬ ಹಳ್ಳಿಯಲ್ಲಿ ನಡೆದ ಶಸ್ತ್ರಾಭ್ಯಾಸದ ಶಿಬಿರದಲ್ಲೂ ಗೇಲ್ ಪಾಠ ಹೇಳಿದ್ದ.

ಸತ್ತವನು ಒಬ್ಬ ಷರೀಫ

ಗಾರ್ಡನ್ ಕಾಹ್ಲ್ ಈ ಚಳವಳಿಯ ಹಳೆಯ ಸದಸ್ಯ. ಇನ್ನು ಮುಂದೆ ತೆರಿಗೆ ಕಟ್ಟುವುದಿಲ್ಲ ಎಂದು 1967ರಲ್ಲೇ ಇಲಾಖೆಗೆ ಪತ್ರ ಬರೆದಿದ್ದವನು. ಮೆಡಿನಾದಿಂದ ಪರಾರಿಯಾದ ಆತನನ್ನು ದೇಶದೆಲ್ಲೆಡೆ ಹುಡುಕಲಾಯಿತು. 1983ರ ಜೂನ್ 3ರಂದು ಅರ್ಕಾನ್ಸಾಸ್ ರಾಜ್ಯದ ಸ್ಮಿತ್‌ವಿಲ್ ಬಳಿಯ ತೋಟದ ಮನೆಯೊಂದರಲ್ಲಿ ಸುಳಿವು ಸಿಕ್ಕಿತು. ಒಳಹೊಕ್ಕ ಲಾರೆನ್ಸ್ ಕೌಂಟಿಯ ಷರೀಫ್ ಜೀನ್ ಮ್ಯಾಥ್ಯೂಸ್ ಗುಂಡೇಟಿನಿಂದ ಮೃತಪಟ್ಟ. ಕಾಹ್ಲ್ ಕೂಡ ಅಲ್ಲಿಯೇ ಸತ್ತ. ಆತನ ಮಗನಿಗೆ ಮೆಡಿನಾ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಷರೀಫನಿಗಿಂತ ದೊಡ್ಡ ಅಧಿಕಾರಿ ಜಗತ್ತಿನಲ್ಲಿಲ್ಲ ಎಂದು ಬೋಧಿಸಿದ ಸಿದ್ಧಾಂತಕ್ಕೆ ಕಡೆಗೆ ಬಲಿಯಾದವರಲ್ಲಿ ಒಬ್ಬ, ತನ್ನ ಕೌಂಟಿಯ ಜನರಿಂದ ಆಯ್ಕೆಯಾದ ಷರೀಫನೇ. ಗೇಲ್‌ನ ಬಳಗ ಮಾತ್ರ ಕಾಹ್ಲ್‌ನನ್ನು ಹುತಾತ್ಮನೆಂದು ಕರೆಯಿತು. ಮ್ಯಾಥ್ಯೂಸ್‌ನ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ.

ಸರ್ಕಾರವನ್ನೇ ವಜಾ ಮಾಡಿದ ಪತ್ರ

ಕಾಹ್ಲ್‌ನ ಸಾವಿನಿಂದ ಗೇಲ್ ಹಿಂದೆ ಸರಿಯಲಿಲ್ಲ. 1984ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಮಾರಿಪೋಸಾದಲ್ಲಿ ಸೇರಿದ ಬೆಂಬಲಿಗರು ಒಪ್ಪಂದ ಪತ್ರವೊಂದಕ್ಕೆ ಸಹಿ ಹಾಕಿದರು. ಹೊಸ ಸಂಸ್ಥೆಯ ಹೆಸರು ಕಮಿಟಿ ಆಫ್ ದಿ ಸ್ಟೇಟ್ಸ್.

ಈ ಹೆಸರೂ ಹಳೆಯ ಕಡತದಿಂದ ಹೆಕ್ಕಿದ್ದೇ. ಈಗಿನ ಸಂವಿಧಾನಕ್ಕೂ ಮೊದಲು, 1781ರಿಂದ ಅಮೆರಿಕವನ್ನು ಆಳಿದ ಒಕ್ಕೂಟದ ವಿಧಿಗಳಲ್ಲಿ ಕಾಂಗ್ರೆಸ್ ಬಿಡುವಿನಲ್ಲಿದ್ದಾಗ ಕಾರ್ಯಭಾರ ನೋಡಿಕೊಳ್ಳುವ ಇಂಥದೊಂದು ಸಮಿತಿಗೆ ಅವಕಾಶವಿತ್ತು. 1789ರಲ್ಲಿ ಹೊಸ ಸಂವಿಧಾನ ಜಾರಿಯಾದಾಗ ಆ ವಿಧಿಗಳು ಇತಿಹಾಸ ಸೇರಿದವು. ಸುಮಾರು ಇನ್ನೂರು ವರ್ಷಗಳ ಬಳಿಕ ಗೇಲ್ ಅದನ್ನು ಎಬ್ಬಿಸಿ ತಂದು, ಕಾಂಗ್ರೆಸ್ಸಿನ ಅಧಿಕಾರವೆಲ್ಲ ಈಗ ತಮ್ಮ ಸಮಿತಿಯದೆಂದು ಸಾರಿದ. ಸಮಿತಿಯ ಕೆಲಸಕ್ಕೆ ಅಡ್ಡಬಂದವರಿಗೆ ಮರಣದಂಡನೆ ಎಂದೂ ಒಪ್ಪಂದದಲ್ಲಿ ಬರೆಯಲಾಗಿತ್ತು.

ಈ ಕಾಗದದ ಸರ್ಕಾರ ನಗೆಪಾಟಲಿಗೆ ಮುಗಿಯಲಿಲ್ಲ. ತೆರಿಗೆ ಇಲಾಖೆಯ ಅಧಿಕಾರಿಗಳಿಗೆ ಜೀವಬೆದರಿಕೆಯ ನೋಟಿಸುಗಳು ಅಂಚೆಯಲ್ಲಿ ಹೋದವು. ದಿನಗೂಲಿ ನೌಕರನಂತೆ ಬೆಳಗ್ಗೆ ಕಚೇರಿಗೆ ಬಂದು ಸಂಜೆ ಮನೆಗೆ ಮರಳುವ ಗುಮಾಸ್ತ, ನಿರೀಕ್ಷಕರ ಮೇಜಿನ ಮೇಲೆ ಸಾವಿನ ಪತ್ರಗಳು ಬಿದ್ದವು. ಮೆಡಿನಾ ನಡೆದ ಮೇಲೆ ಅವುಗಳನ್ನು ಯಾರೂ ತಮಾಷೆಯೆಂದು ತಳ್ಳಿಹಾಕುವಂತಿರಲಿಲ್ಲ.

1986ರ ಅಕ್ಟೋಬರ್‌ನಲ್ಲಿ ಗೇಲ್ ಮತ್ತು ಸಹಚರರ ಬಂಧನವಾಯಿತು. ವಿಚಾರಣೆ ನಡೆದದ್ದು ನೆವಾಡಾ ರಾಜ್ಯದ ಲಾಸ್ ವೇಗಸ್ ನಗರದ ಒಕ್ಕೂಟ ನ್ಯಾಯಾಲಯದಲ್ಲಿ. ಬದುಕಿಡೀ ಯಾವ ನ್ಯಾಯಾಲಯದ ಅಧಿಕಾರವನ್ನು ಅಲ್ಲಗಳೆದಿದ್ದನೋ ಅದರ ಮುಂದೆಯೇ, ವಕೀಲರ ನೆರವು, ಜ್ಯೂರಿ, ಸಾಕ್ಷಿಗಳ ಪಾಟೀಸವಾಲು ಎಂಬೆಲ್ಲ ಸಂವಿಧಾನದತ್ತ ರಕ್ಷಣೆಗಳೊಂದಿಗೆ ಆತನ ವಿಚಾರಣೆ ನಡೆಯಿತು. 1987ರ ಅಕ್ಟೋಬರ್‌ನಲ್ಲಿ ಪಿತೂರಿ, ತೆರಿಗೆ ಆಡಳಿತಕ್ಕೆ ಅಡ್ಡಿ ಮತ್ತು ಅಂಚೆಯ ಮೂಲಕ ಬೆದರಿಕೆಯ ಆರೋಪಗಳು ಸಾಬೀತಾದವು. 1988ರ ಜನವರಿಯಲ್ಲಿ ಒಂದು ವರ್ಷ ಒಂದು ದಿನದ ಜೈಲುಶಿಕ್ಷೆ ಪ್ರಕಟವಾಯಿತು.

ಅಷ್ಟರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಗೇಲ್ ಹಣ್ಣಾಗಿದ್ದ. 1988ರ ಏಪ್ರಿಲ್ 28ರಂದು, 71ನೇ ವಯಸ್ಸಿನಲ್ಲಿ ನಿಧನನಾದ.

ಮರ ಬಿದ್ದರೂ ಬೀಜ ಉಳಿಯಿತು

ಗೇಲ್ ಸತ್ತ ಮೇಲೆ ಆತನ ವಿಚಾರ ಹೊಸ ವೇಷಗಳನ್ನು ತೊಟ್ಟಿತು. 1990ರ ದಶಕದಲ್ಲಿ ಸ್ವಯಂಘೋಷಿತ ನ್ಯಾಯಾಲಯಗಳು ಹುಟ್ಟಿಕೊಂಡು ತೀರ್ಪು ಕೊಡತೊಡಗಿದವು. ಮೊಂಟಾನಾ ರಾಜ್ಯದ ಜೋರ್ಡನ್ ಬಳಿ 1996ರಲ್ಲಿ ಫ್ರೀಮೆನ್ ಎಂಬ ಗುಂಪು ಎಫ್‌ಬಿಐ ಎದುರು 81 ದಿನ ಬಾಗಿಲು ಹಾಕಿಕೊಂಡು ಕುಳಿತಿತು. 168 ಮಂದಿಯ ಪ್ರಾಣ ತೆಗೆದ 1995ರ ಓಕ್ಲಹಾಮಾ ಸಿಟಿ ಸ್ಫೋಟದ ಅಪರಾಧಿ ಟೆರ್ರಿ ನಿಕೋಲ್ಸ್, ಅದಕ್ಕೂ ಮೊದಲೇ ಇದೇ ಧಾಟಿಯಲ್ಲಿ ತನ್ನ ಪೌರತ್ವ ತ್ಯಜಿಸುವ ಪತ್ರ ಬರೆದಿದ್ದವನು.

ಆಮೇಲೆ ಬಂದದ್ದು ಬೆದರುಬೊಂಬೆಯ ಸಿದ್ಧಾಂತ. ಅಮೆರಿಕ 1933ರಲ್ಲಿ ಚಿನ್ನದ ಆಧಾರ ಕೈಬಿಟ್ಟಾಗ ಪ್ರಜೆಗಳನ್ನೇ ಸಾಲಕ್ಕೆ ಅಡವಿಟ್ಟಿತು, ಪ್ರತಿ ಜನನ ಪ್ರಮಾಣಪತ್ರದೊಂದಿಗೆ ಮಗುವಿನ ಹೆಸರಿನಲ್ಲಿ ಒಬ್ಬ ನಕಲಿ ಕಾನೂನಾತ್ಮಕ ವ್ಯಕ್ತಿ ಸೃಷ್ಟಿಯಾಗುತ್ತಾನೆ ಎಂಬ ಕಥೆಯಿದು. ಸರ್ಕಾರಿ ಪತ್ರಗಳಲ್ಲಿ ಹೆಸರು ಪೂರ್ತಿ ದೊಡ್ಡಕ್ಷರಗಳಲ್ಲಿ ಅಚ್ಚಾಗಿದ್ದರೆ ಅದು ಆ ಬೊಂಬೆಯ ಹೆಸರು, ರಕ್ತಮಾಂಸದ ಮನುಷ್ಯನದಲ್ಲವಂತೆ! ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡದಂಥ ಲಿಪಿಗಳಲ್ಲಿ ಈ ಬೊಂಬೆ ಹುಟ್ಟುವುದಕ್ಕೇ ದಾರಿಯಿಲ್ಲ. ಆದರೆ ಇದನ್ನು ನಂಬಿ ಸಾಲ ತೀರಿಸಲು ಖಜಾನೆಯ ಮೇಲೆ ನಕಲಿ ಹುಂಡಿ ಬರೆದು ಜೈಲು ಸೇರಿದವರ ಸಂಖ್ಯೆ ಸಣ್ಣದಲ್ಲ. ಅಧಿಕಾರಿಗಳ ಆಸ್ತಿಯ ಮೇಲೆ ಸುಳ್ಳು ಋಣಭಾರ ದಾಖಲಿಸುವವರ ಹಾವಳಿ ಎಷ್ಟಿತ್ತೆಂದರೆ, ಅದಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ ಪ್ರತ್ಯೇಕ ಒಕ್ಕೂಟ ಕಾನೂನೇ 2008ರಲ್ಲಿ ಜಾರಿಗೆ ಬಂತು.

2010ರ ಮೇ 20ರಂದು ಅರ್ಕಾನ್ಸಾಸ್‌ನ ವೆಸ್ಟ್ ಮೆಂಫಿಸ್‌ನಲ್ಲಿ ವಾಹನ ತಪಾಸಣೆಗೆ ನಿಲ್ಲಿಸಿದ ಇಬ್ಬರು ಪೊಲೀಸರನ್ನು, ಇಂಥ ವಿಚಾರಗಳ ಉಪನ್ಯಾಸ ನಡೆಸಿ ಹೊಟ್ಟೆಹೊರೆಯುತ್ತಿದ್ದ ಅಪ್ಪ ಮತ್ತು ಆತನ 16 ವರ್ಷದ ಮಗ ಗುಂಡಿಟ್ಟು ಕೊಂದರು. ಅದೇ ದಿನ ಅವರಿಬ್ಬರೂ ಪೊಲೀಸರ ಗುಂಡಿಗೆ ಬಲಿಯಾದರು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ನ್ಯಾಯಮೂರ್ತಿ ಜಾನ್ ರೂಕ್ 2012ರಲ್ಲಿ ವಿಚ್ಛೇದನ ಮೊಕದ್ದಮೆಯೊಂದರಲ್ಲಿ ಈ ವಾದಗಳ ಜನ್ಮ ಜಾಲಾಡಿ, 700ಕ್ಕೂ ಹೆಚ್ಚು ಪ್ಯಾರಾಗಳ ತೀರ್ಪು ಬರೆದರು. ಹಲವು ದೇಶಗಳ ನ್ಯಾಯಾಧೀಶರಿಗೆ ಅದೀಗ ಕೈದೀವಿಗೆ.

ಎಲ್ಲಕ್ಕಿಂತ ದೊಡ್ಡ ವ್ಯಂಗ್ಯ ಬೇರೆಯಿದೆ. 1990ರ ದಶಕದಿಂದೀಚೆಗೆ ಕರಿಯ ಅಮೆರಿಕನ್ನರ ಕೆಲ ಗುಂಪುಗಳೂ ಇದೇ ವಾದವನ್ನು ಎತ್ತಿಕೊಂಡಿವೆ. ತಾವು ಮೂರಿಷ್ ಮೂಲದವರು, ಅಮೆರಿಕದ ಕಾನೂನು ತಮಗೆ ಅನ್ವಯಿಸದು ಎಂಬುದು ಅವರ ವಾದ. ಕರಿಯರನ್ನು ಪೌರತ್ವದಿಂದ ಹೊರದಬ್ಬಲು ಹೆಣೆದ ಬಲೆಯೊಳಗೆ ಕರಿಯರೇ ಬಿಡುಗಡೆಯ ಆಸೆಯಿಂದ ಕಾಲಿಡುತ್ತಿದ್ದಾರೆ. ಬಲೆ ಹೆಣೆದವನ ಹೆಸರು ಅವರಿಗೆ ಯಾರೂ ಹೇಳಿಲ್ಲ.

ಗೇಲ್‌ನ ಸ್ವಂತ ಬದುಕಿಗೆ ಆತನ ಸಿದ್ಧಾಂತವನ್ನೇ ಅನ್ವಯಿಸಿದರೆ ಏನಾಗುತ್ತಿತ್ತು? ವಲಸೆ ಬಂದ ಯಹೂದಿ ತಂದೆಯ ಮಗನಿಗೆ ಆತನ ಕಲ್ಪನೆಯ ಗಣರಾಜ್ಯದಲ್ಲಿ ಜಾಗವೇ ಇರುತ್ತಿರಲಿಲ್ಲ. ಸೇಂಟ್ ಪಾಲ್‌ನಲ್ಲಿ ಹುಟ್ಟಿದ ಆ ಮಗುವನ್ನು ಕುಲ ಕೇಳದೆ, ತಂದೆಯ ಹಳೆಯ ಹೆಸರು ಕೇಳದೆ ಅಮೆರಿಕದ ಪ್ರಜೆಯೆಂದು ಎದೆಗಪ್ಪಿಕೊಂಡದ್ದು 1868ರ ಅದೇ 14ನೇ ತಿದ್ದುಪಡಿ. ಯಾವುದನ್ನು ಅಳಿಸಲು ಆತ ಬದುಕಿಡೀ ಕಾಗದ ಬರೆದನೋ, ಆತನನ್ನು ಕಡೆಯವರೆಗೂ ಕಾಪಾಡಿದ್ದು ಅದೇ.